ನಿಮಗಿದು ಗೊತ್ತೇ? ‘ರೇರ್’ ಎಂದರೆ ಎಷ್ಟು ಅಪರೂಪ?

ಇಂಗ್ಲಿಷಿನಲ್ಲಿ ‘ರೇರ್’ ಎಂಬ ಪದ ಒಂದಲ್ಲ, ಎರಡು! ‘ರೇರ್ ಕಾಯಿನ್’ ಎನ್ನುವಾಗಿನ ರೇರ್ ಬೇರೆ, ‘ರೇರ್ ಸ್ಟೇಕ್’ ಎನ್ನುವಾಗಿನ ರೇರ್ ಬೇರೆ. ಬರೆಯುವುದೂ ಒಂದೇ, ಉಚ್ಚರಿಸುವುದೂ ಒಂದೇ, ರಕ್ತಸಂಬಂಧ ಮಾತ್ರ ಇಲ್ಲ. ಸ್ವಲ್ಪವೇ ಬೇಯಿಸಿದ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಹ್ರೇರ್’ ಎನ್ನುತ್ತಿದ್ದರು. ಅದರಲ್ಲೂ ಅರೆಬೆಂದ ಮೊಟ್ಟೆಗೆ. ಕಾಲಕ್ರಮದಲ್ಲಿ ಮುಂದಿನ ಹಕಾರ ಸವೆಯಿತು, 17ನೇ ಶತಮಾನದಲ್ಲಿ ಕಾಗುಣಿತ ಬದಲಾಯಿತು, ಆಮೇಲೆ ಪದ ಮೊಟ್ಟೆಯಿಂದ ಮಾಂಸಕ್ಕೂ ದಾಟಿತು. ಹೋಟೆಲ್ ಮೆನುವಿನ ‘ಮೀಡಿಯಂ ರೇರ್’ ಎಂದರೆ ಒಳಗೆ ಇನ್ನೂ ಕೆಂಪಗಿರುವಷ್ಟು ಬೆಂದದ್ದು ಎಂದರ್ಥ. ಅಪರೂಪಕ್ಕೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ!

‘ವೆಲ್ಷ್ ರೇರ್‌ಬಿಟ್’ ಎಂಬ ತಿಂಡಿಯಲ್ಲಿರುವುದು ಬ್ರೆಡ್ಡು ಮತ್ತು ಅದರ ಮೇಲೆ ಕರಗಿಸಿದ ಚೀಸು. 18ನೇ ಶತಮಾನದ ಮೊದಲಲ್ಲಿ ಇದರ ಹೆಸರು ‘ವೆಲ್ಷ್ ರ‍್ಯಾಬಿಟ್’ ಎಂದಿತ್ತು, ಮೊಲದ ಮಾಂಸದ ಚೂರೂ ಇಲ್ಲದಿದ್ದರೂ. ಶತಮಾನದ ಕೊನೆಯ ಹೊತ್ತಿಗೆ ಅದು ರೇರ್‌ಬಿಟ್ ಆಗಿ ಬರಹಕ್ಕೆ ಬಂತು. ಈ ಒಂದು ತಟ್ಟೆಯ ಆಚೆಗೆ ಆ ಪದಕ್ಕೆ ಬದುಕಿಲ್ಲ.

‘ರೇರಿಂಗ್ ಟು ಗೋ’ ಎಂಬ ಮಾತೂ ಅಪರೂಪದ ವಂಶದ್ದಲ್ಲ. ಕುದುರೆ ಮುಂಗಾಲೆತ್ತಿ ನಿಲ್ಲುವುದಕ್ಕೆ ‘ರಿಯರ್’ ಎನ್ನುತ್ತಾರೆ. ಅದರ ಆಡುನುಡಿಯ ರೂಪ ಇದು. ಹೊರಡಲು ತುದಿಗಾಲಲ್ಲಿ ನಿಂತವರ ವರ್ಣನೆ.

ಹಾಗಾದರೆ ಅಪರೂಪದ ‘ರೇರ್’ ಎಲ್ಲಿಂದ ಬಂತು? ಲ್ಯಾಟಿನ್ನಿನ ‘ರಾರುಸ್’ನಿಂದ. ಅದರ ಮೊದಲ ಅರ್ಥ ನಡುನಡುವೆ ಸಂದಿ ಇರುವುದು, ತೆಳ್ಳಗಿರುವುದು, ಒತ್ತೊತ್ತಾಗಿ ಇಲ್ಲದ್ದು. ಎತ್ತರದ ಬೆಟ್ಟದ ತೆಳುವಾದ ಗಾಳಿಗೆ ಇಂದಿಗೂ ‘ರೇರಿಫೈಡ್ ಏರ್’ ಎನ್ನುವುದು ಆ ಹಳೆಯ ಅರ್ಥದಲ್ಲಿಯೇ. ಶಬ್ದದ ಅಲೆಯಲ್ಲಿ ಗಾಳಿಯ ಕಣಗಳು ದೂರ ಸರಿಯುವ ಭಾಗಕ್ಕೆ ಭೌತಶಾಸ್ತ್ರದಲ್ಲಿ ‘ರೇರಿಫ್ಯಾಕ್ಷನ್’ ಎಂಬ ಹೆಸರು. ನಾವು ಅದನ್ನು ‘ವಿರಳನ’ ಎಂದು ಕರೆದೆವು, ಮತ್ತು ಎಷ್ಟು ಸರಿಯಾಗಿ ಕರೆದೆವು ಎಂದರೆ, ಸಂಸ್ಕೃತದ ‘ವಿರಳ’ಕ್ಕೂ ಮೂಲ ಅರ್ಥ ಸಂದಿಸಂದಿಯಾಗಿರುವುದು ಎಂದೇ! ಎರಡು ಭಾಷೆಗಳು ಬೇರೆಬೇರೆಯಾಗಿ ಒಂದೇ ದಾರಿ ಹಿಡಿದಿವೆ. ಮೊದಲು ಜಾಗದಲ್ಲಿ ದೂರದೂರ ಇರುವುದು, ಆಮೇಲೆ ಕಾಲದಲ್ಲಿ ದೂರದೂರ ಇರುವುದು, ಕೊನೆಗೆ ಸಿಗುವುದೇ ಕಷ್ಟ ಎನ್ನುವುದು.

ಇನ್ನು ದಿನಬಳಕೆಯ ವಾಕ್ಯಗಳಿಗೆ ಬರೋಣ. ಕನ್ನಡಿಗರು ಎಡವುವುದು ಇಲ್ಲಿಯೇ.

‘ಹಿ ರೇರ್ಲಿ ಕಮ್ಸ್’ ಎಂಬ ವಾಕ್ಯದಲ್ಲಿ ‘ನಾಟ್’ ಇಲ್ಲ, ‘ನೋ’ ಇಲ್ಲ. ಆದರೂ ಇಂಗ್ಲಿಷ್ ವ್ಯಾಕರಣ ಅದನ್ನು ನಕಾರದ ವಾಕ್ಯ ಎಂದೇ ಎಣಿಸುತ್ತದೆ. ಗುರುತು ಬೇಕೇ? ಕೊನೆಗೆ ಬಾಲಪ್ರಶ್ನೆ ಸೇರಿಸಿ ನೋಡಿ. ‘ಹಿ ಕಮ್ಸ್ ಡೈಲಿ’ ಆದರೆ ಬಾಲ ‘ಡಸಂಟ್ ಹಿ?’. ‘ಹಿ ರೇರ್ಲಿ ಕಮ್ಸ್’ ಆದರೆ ಬಾಲ ‘ಡಸ್ ಹಿ?’. ನಕಾರದ ವಾಕ್ಯಕ್ಕೆ ಸಕಾರದ ಬಾಲ ಎಂಬ ನಿಯಮ ‘ರೇರ್ಲಿ’ಗೂ ಅನ್ವಯಿಸುತ್ತದೆ. ‘ಸೆಲ್ಡಮ್’, ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’, ‘ಬೇರ್ಲಿ’ ಎಲ್ಲವೂ ಇದೇ ಮನೆತನದವು. ಇವುಗಳ ಜತೆ ‘ಸಮ್’ಗಿಂತ ‘ಎನಿ’ ಸಹಜವಾಗಿ ಕೂರುವುದೂ ಅದೇ ಕಾರಣಕ್ಕೆ: ‘ಶಿ ರೇರ್ಲಿ ಈಟ್ಸ್ ಎನಿ ಸ್ವೀಟ್ಸ್’. ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಎಂದರೆ ಎರಡು ನಕಾರ ಒಂದರ ಮೇಲೊಂದು ಬಿದ್ದು ಶಿಷ್ಟ ಇಂಗ್ಲಿಷಿನಲ್ಲಿ ತಪ್ಪಾಗುತ್ತದೆ.

ವಾಕ್ಯದ ಮೊದಲಿಗೆ ‘ರೇರ್ಲಿ’ ಬಂದರೆ ಸಹಾಯಕ ಕ್ರಿಯಾಪದವೂ ಕರ್ತೃವೂ ಜಾಗ ಅದಲುಬದಲು ಮಾಡಿಕೊಳ್ಳಬೇಕು. ‘ರೇರ್ಲಿ ಹಿ ಕಮ್ಸ್’ ತಪ್ಪು, ‘ರೇರ್ಲಿ ಡಸ್ ಹಿ ಕಮ್’ ಸರಿ. ‘ಸಮ್‌ಟೈಮ್ಸ್ ಹಿ ಕಮ್ಸ್’ ಎನ್ನುವಾಗ ಈ ಕಸರತ್ತು ಬೇಡ, ಏಕೆಂದರೆ ‘ಸಮ್‌ಟೈಮ್ಸ್’ನ ಹೊಟ್ಟೆಯಲ್ಲಿ ‘ಇಲ್ಲ’ ಅಡಗಿಲ್ಲ.

ನಮಗೇಕೆ ಇದು ತೊಡಕಾಗುತ್ತದೆ? ನನಗೆ ತೋರುವ ಕಾರಣ ಇದು. ‘ಅಪರೂಪಕ್ಕೆ ಬರ್ತಾನೆ’ ಎಂದರೆ ಕನ್ನಡದಲ್ಲಿ ಅವನು ಬರುತ್ತಾನೆ! ಆಗೊಮ್ಮೆ ಈಗೊಮ್ಮೆಯಾದರೂ ಬರುತ್ತಾನೆ. ವಾಕ್ಯದ ಒತ್ತು ಬರುವುದರ ಮೇಲಿದೆ. ‘ಅವನು ಬರೋದೇ ಅಪರೂಪ’ ಎಂದರೆ ಒತ್ತು ಬಾರದಿರುವುದರ ಮೇಲೆ. ಅದೇ ಪದ, ಅದೇ ಮನುಷ್ಯ, ವರ್ಷದಲ್ಲಿ ಅಷ್ಟೇ ಭೇಟಿಗಳು. ದೂರು ಮಾತ್ರ ಎರಡನೆಯದರಲ್ಲಿ. ಇಂಗ್ಲಿಷಿನ ‘ರೇರ್ಲಿ’ ಈ ಎರಡನೆಯ ವಾಕ್ಯದ ಜೋಡಿ. ಮೊದಲನೆಯದಕ್ಕೆ ‘ವನ್ಸ್ ಇನ್ ಎ ವೈಲ್’ ಅಥವಾ ‘ಅಕೇಶನಲಿ’ ಬೇಕು. ‘ಅಪರೂಪಕ್ಕೆ ಬಂದಿದ್ದೀರಿ, ಊಟ ಮಾಡ್ಕೊಂಡೇ ಹೋಗಿ’ ಎಂಬ ಮಾತಿನಲ್ಲಿರುವ ‘ಅಪರೂಪ’ವನ್ನು ‘ರೇರ್ಲಿ’ ಎಂದು ಅನುವಾದಿಸಿದರೆ ಉಪಚಾರ ಹೋಗಿ ಆಕ್ಷೇಪಣೆ ಉಳಿಯುತ್ತದೆ. ‘ಏನ್ರೀ, ಬಹಳ ಅಪರೂಪ ಆಗ್ಬಿಟ್ರಿ’ ಎಂದು ನಾವು ಬೀದಿಯಲ್ಲಿ ಸಿಕ್ಕ ಸ್ನೇಹಿತರಿಗೆ ಹೇಳುತ್ತೇವಲ್ಲ, ಅದಕ್ಕೂ ‘ಯು ಹ್ಯಾವ್ ಬಿಕಮ್ ರೇರ್’ ಆಗದು. ‘ವಿ ಹಾರ್ಡ್ಲಿ ಸೀ ಯು ದೀಸ್ ಡೇಸ್’ ಎಂದರೆ ಆ ಪ್ರೀತಿಯ ದೂರು ಅವರಿಗೂ ತಲುಪುತ್ತದೆ.



ಇಂಗ್ಲಿಷಿನಲ್ಲೂ ಇಂಥದೊಂದು ಸೂಕ್ಷ್ಮ ಇದೆ, ಒಂದೇ ಅಕ್ಷರದಲ್ಲಿ. ‘ಫ್ಯೂ ಪೀಪಲ್ ಕೇಮ್’ ಎಂದರೆ ಬಂದವರೇ ಕಡಿಮೆ ಎಂಬ ನಿರಾಸೆ. ‘ಎ ಫ್ಯೂ ಪೀಪಲ್ ಕೇಮ್’ ಎಂದರೆ ಕೆಲವರಾದರೂ ಬಂದರು ಎಂಬ ಸಮಾಧಾನ. ಹತ್ತೇ ಜನ ಬಂದ ಸಭೆಗೆ ಎರಡೂ ವಾಕ್ಯ ಒಪ್ಪುತ್ತವೆ. ಸಂಘಟಕರ ಮನಸ್ಸು ಹೇಗಿದೆ ಎಂಬುದನ್ನು ‘ಎ’ ಹೇಳಿಬಿಡುತ್ತದೆ. ‘ಲಿಟಲ್’ ಮತ್ತು ‘ಎ ಲಿಟಲ್’ ಕೂಡ ಹೀಗೆಯೇ. ‘ಕ್ವೈಟ್ ಎ ಫ್ಯೂ’ ಎಂದರಂತೂ ಸಾಕಷ್ಟು ಜನ ಬಂದಿದ್ದಾರೆ ಎಂದೇ ಅರ್ಥ!

‘ಹಿ ವರ್ಕ್ಸ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಕೆಲಸ ಮುಟ್ಟುವುದೇ ಇಲ್ಲ ಎನ್ನಬಹುದು. ಶಿಫಾರಸು ಪತ್ರದಲ್ಲಿ ‘ಹಾರ್ಡ್’ ಬರೆಯಬೇಕಾದ ಕಡೆ ‘ಹಾರ್ಡ್ಲಿ’ ಬಿದ್ದರೆ ಒಬ್ಬರ ಕೆಲಸಕ್ಕೇ ಕುತ್ತು.

‘ಸೆಲ್ಡಮ್’ಗೆ ಉಳಿದವುಗಳಂತೆ ಕೊನೆಯಲ್ಲಿ ‘ಲಿ’ ಇಲ್ಲ, ಹಚ್ಚುವುದೂ ಬೇಡ. ಜರ್ಮನ್ನಿನ ‘ಸೆಲ್ಟನ್’ ಇದರ ಸೋದರ. ಅದು ‘ರೇರ್’ ಮತ್ತು ‘ಸೆಲ್ಡಮ್’ ಎರಡರ ಕೆಲಸವನ್ನೂ ಒಂಟಿಯಾಗಿ ನಿಭಾಯಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಹಳೆಯ ಪರಿಚಯದ ಪ್ರಶ್ನೆ ಇದು: ‘ಸೆಲ್ಡಮ್ ಆರ್ ಎವರ್’ ತಪ್ಪು. ‘ಸೆಲ್ಡಮ್ ಆರ್ ನೆವರ್’ ಅಥವಾ ‘ಸೆಲ್ಡಮ್ ಇಫ್ ಎವರ್’ ಸರಿ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ಗಳ ಜೋಡಿ ‘ವೆನ್’, ‘ನೋ ಸೂನರ್’ನ ಜೋಡಿ ‘ದ್ಯಾನ್’.

‘ರೇರ್’ ಮತ್ತು ‘ಸ್ಕೇರ್ಸ್’ ಒಂದೇ ಅಲ್ಲ ಎಂಬುದು ಗೊತ್ತೇ? ಸ್ವಭಾವದಿಂದಲೇ ಕಡಿಮೆ ಇರುವುದು ರೇರ್. ಸಾಮಾನ್ಯವಾಗಿ ಸಿಗಬೇಕಾದದ್ದು, ಬೇಕೇಬೇಕಾದದ್ದು, ಈಗ ಸಾಲದೆ ಬಂದರೆ ಸ್ಕೇರ್ಸ್. ಚಿನ್ನ ರೇರ್. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರಿನಲ್ಲಿ ನೀರು ಸ್ಕೇರ್ಸ್. ಅದನ್ನು ‘ವಾಟರ್ ಈಸ್ ರೇರ್’ ಎಂದು ಯಾರೂ ಬರೆಯಲಿಲ್ಲ, ಬರೆಯಬಾರದು. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಟೊಮೇಟೊ ಕೂಡ ಸ್ಕೇರ್ಸ್ ಆಗಿತ್ತೇ ಹೊರತು ರೇರ್ ಆಗಿರಲಿಲ್ಲ. ನಮ್ಮಲ್ಲೂ ಅಪರೂಪ ಬೇರೆ, ಅಭಾವ ಬೇರೆ. ಅಪರೂಪದ್ದನ್ನು ಕಂಡರೆ ಸಂತೋಷ, ಅಭಾವ ಬಂದರೆ ಸಂಕಟ. ಅಪರೂಪದ ವಸ್ತುವಿಗೆ ಮೆಚ್ಚುವವರಿದ್ದಾರೆ, ಅಭಾವದ ವಸ್ತುವಿಗೆ ಸರದಿಯ ಸಾಲು ಇದೆ.

‘ಮೇಕ್ ಯುವರ್‌ಸೆಲ್ಫ್ ಸ್ಕೇರ್ಸ್’ ಎಂಬ ನುಡಿಗಟ್ಟಿಗೆ ಕನ್ನಡದಲ್ಲಿ ತಕ್ಕ ಜೋಡಿ ಇದೆ: ‘ಜಾಗ ಖಾಲಿ ಮಾಡು’!

ಅಮೆರಿಕನ್ನರು 19ನೇ ಶತಮಾನದಿಂದ ಹೇಳುತ್ತ ಬಂದ ಮಾತು, ಕೋಳಿಯ ಹಲ್ಲಿನಷ್ಟು ಅಪರೂಪ ಎಂದು. ಕೋಳಿಗೆ ಹಲ್ಲಿಲ್ಲ, ಹಾಗಾಗಿ ಅದು ಇಲ್ಲವೇ ಇಲ್ಲ ಎಂಬ ಅರ್ಥ. ಆದರೆ 2006ರಲ್ಲಿ ವಿಜ್ಞಾನಿಗಳು ಒಂದು ಬಗೆಯ ರೂಪಾಂತರವಿರುವ ಕೋಳಿ ಭ್ರೂಣಗಳ ದವಡೆಯಲ್ಲಿ ಹಲ್ಲಿನ ಮೊಳಕೆಗಳನ್ನು ಕಂಡರು. ಕೋಟ್ಯಂತರ ವರ್ಷಗಳ ಹಿಂದೆ ಹಕ್ಕಿಗಳ ಪೂರ್ವಜರಿಗಿದ್ದ ಹಲ್ಲಿನ ಕಾರ್ಯಸೂಚಿ ವಂಶವಾಹಿಯಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ.

ತಮಿಳರಿಗೆ ಅಪರೂಪ ಎಂದರೆ ಅತ್ತಿ ಹೂ ಬಿಟ್ಟ ಹಾಗೆ. ಬಂಗಾಳಿಗಳಿಗೂ ಅಷ್ಟೇ, ಅವರು ‘ಡುಮುರೇರ್ ಫುಲ್’ ಎನ್ನುತ್ತಾರೆ. ನಿಜದಲ್ಲಿ ಅತ್ತಿ ಹೂ ಬಿಡುತ್ತಲೇ ಇರುತ್ತದೆ. ನಾವು ಕಾಯಿ ಎಂದುಕೊಂಡದ್ದನ್ನು ಸೀಳಿ ನೋಡಿದರೆ ಒಳಗೋಡೆಗೆ ನೂರಾರು ಪುಟ್ಟ ಹೂಗಳು ಅಂಟಿಕೊಂಡಿರುತ್ತವೆ.

‘ವನ್ಸ್ ಇನ್ ಎ ಬ್ಲೂ ಮೂನ್’ ಎಂಬುದಕ್ಕೆ ನಮ್ಮಲ್ಲಿ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂಬ ಮಾತನ್ನು ಜೋಡಿಸುವುದುಂಟು. ಲೆಕ್ಕ ಹಾಕಿದರೆ ನಮ್ಮವರು ಉದಾರಿಗಳು. ಅಮಾವಾಸ್ಯೆ, ಹುಣ್ಣಿಮೆ ಸೇರಿ ವರ್ಷಕ್ಕೆ 24, 25 ಸಲ ಬರುತ್ತವೆ. ಬ್ಲೂ ಮೂನ್ ಸರಾಸರಿ ಎರಡೂವರೆ ಮೂರು ವರ್ಷಕ್ಕೊಮ್ಮೆ.

ಈ ಬ್ಲೂ ಮೂನ್ ಹುಟ್ಟಿದ ಕಥೆ ಸ್ವಾರಸ್ಯವಾದದ್ದು. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ಬ್ಲೂ ಮೂನ್ ಎಂದು ಈಗ ಎಲ್ಲರೂ ಹೇಳುತ್ತಾರೆ. ಇದು ತಪ್ಪು ಓದಿನಿಂದ ಬಂದ ಅರ್ಥ! ಅಮೆರಿಕದ ಮೇಯ್ನ್ ರಾಜ್ಯದ ರೈತರ ಪಂಚಾಂಗದಲ್ಲಿ ಬ್ಲೂ ಮೂನ್ ಎಂದರೆ, ನಾಲ್ಕು ಹುಣ್ಣಿಮೆ ಬಂದ ಋತುವಿನ ಮೂರನೆಯ ಹುಣ್ಣಿಮೆ. 1946ರ ಮಾರ್ಚ್ ತಿಂಗಳ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಜೇಮ್ಸ್ ಹ್ಯೂ ಪ್ರುಯೆಟ್ ಅದನ್ನು ತಿಂಗಳ ಎರಡನೆಯ ಹುಣ್ಣಿಮೆ ಎಂದು ಅರ್ಥ ಮಾಡಿಕೊಂಡು ಬರೆದರು. 1980ರಲ್ಲಿ ರೇಡಿಯೋ ಕಾರ್ಯಕ್ರಮವೊಂದು ಅದನ್ನೇ ಎತ್ತಿಕೊಂಡಿತು. ಅಲ್ಲಿಂದ ತಪ್ಪೇ ರೂಢಿಯಾಯಿತು. ಚಂದ್ರ ನೀಲಿಯಾಗುವುದಿಲ್ಲ ಎಂದೂ ತಿಳಿಯಬೇಡಿ: 1883ರ ಕ್ರಕಟೋವ ಜ್ವಾಲಾಮುಖಿಯ ಬೂದಿ, 1950ರಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಆಕಾಶಕ್ಕೆ ಹಬ್ಬಿದಾಗ ಜನ ನಿಜಕ್ಕೂ ನೀಲಿ ಚಂದ್ರನನ್ನು ಕಂಡಿದ್ದಾರೆ.

ಇದಕ್ಕಿಂತ ನನಗೆ ಹೆಚ್ಚು ಖುಷಿ ಕೊಡುವ ಸಂಗತಿ ಬೇರೊಂದಿದೆ. ಬ್ಲೂ ಮೂನಿಗೂ ನಮ್ಮ ಅಧಿಕ ಮಾಸಕ್ಕೂ ತಾಯಿ ಒಬ್ಬಳೇ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೌರವರ್ಷಕ್ಕೆ ಸುಮಾರು 11 ದಿನ ಸಾಲದು. ಈ ಕೊರತೆ ಕೂಡುತ್ತ ಹೋಗಿ 19 ವರ್ಷದಲ್ಲಿ ಏಳು ಹೆಚ್ಚುವರಿ ಹುಣ್ಣಿಮೆಗಳಾಗುತ್ತವೆ. ಇಂಗ್ಲಿಷಿನವರು ಆ ಹೆಚ್ಚುವರಿ ಹುಣ್ಣಿಮೆಯನ್ನು ಬ್ಲೂ ಮೂನ್ ಎಂದರು, ನಮ್ಮ ಪಂಚಾಂಗದವರು ಆ ತಿಂಗಳನ್ನೇ ಅಧಿಕ ಎಂದು ಸೇರಿಸಿದರು. 2023ರಲ್ಲಿ ಅಧಿಕ ಶ್ರಾವಣ ಬಂತು, ಆಗಸ್ಟ್ 31ರಂದು ಬ್ಲೂ ಮೂನ್ ಬಂತು. 2026ರ ಮೇ ತಿಂಗಳಲ್ಲಿ 1ರಂದು, 31ರಂದು ಎರಡು ಹುಣ್ಣಿಮೆ; ಆ ವರ್ಷದ ಅಧಿಕ ಮಾಸ ಜ್ಯೇಷ್ಠ, 31ರ ಬ್ಲೂ ಮೂನ್ ಬೀಳುವುದು ಅಧಿಕ ಜ್ಯೇಷ್ಠದ ಹುಣ್ಣಿಮೆಯ ದಿನವೇ.

ಕಪ್ಪು ಹಂಸ ಎಂದರೆ ಅಸಾಧ್ಯ ಎಂದು ಯುರೋಪಿನವರು ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ಅಪರೂಪದ ವ್ಯಕ್ತಿಗೆ ‘ರಾರಾ ಏವಿಸ್’, ಅಂದರೆ ಅಪರೂಪದ ಹಕ್ಕಿ, ಎಂದು ಇಂಗ್ಲಿಷಿನಲ್ಲಿ ಇಂದಿಗೂ ಹೇಳುವುದಕ್ಕೆ ಮೂಲ ರೋಮನ್ ಕವಿ ಜುವೆನಲ್. ಆ ಹಕ್ಕಿಯನ್ನು ಅವನು ಹೋಲಿಸಿದ್ದು ಕಪ್ಪು ಹಂಸಕ್ಕೆ. ಬಿಳಿ ಕಾಗೆಯ ಹೋಲಿಕೆಯೂ ಅವನಲ್ಲಿದೆ. 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ಫ್ಲಾಮಿಂಗ್ ಪಶ್ಚಿಮ ಆಸ್ಟ್ರೇಲಿಯಾದ ನದಿಯೊಂದರಲ್ಲಿ ಕಪ್ಪು ಹಂಸಗಳ ಹಿಂಡನ್ನೇ ಕಂಡ. ಆ ನದಿಗೆ ಇಂದು ಸ್ವಾನ್ ರಿವರ್ ಎಂದೇ ಹೆಸರು. ಆ ದಡದ ಜನರಿಗೆ ಹಂಸ ಎಂದರೇ ಕಪ್ಪು. ಅಪರೂಪ ಎಂಬುದು ನೋಡುವವರು ನಿಂತ ಜಾಗದ ಮೇಲೆ ನಿಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಡುಮಾತಿನಲ್ಲಿ ಹೀಗೆ ಸಡಿಲವಾಗಿರುವ ಪದಕ್ಕೆ ಕೆಲವು ಕಸುಬಿನವರು ಮೊಳೆ ಹೊಡೆದಿದ್ದಾರೆ. ಯುರೋಪಿನಲ್ಲಿ ಔಷಧದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ‘ರೇರ್’ ಅಡ್ಡಪರಿಣಾಮ ಎಂದಿದ್ದರೆ ಅದಕ್ಕೆ ಖಚಿತ ಅಳತೆ ಇದೆ: ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ, ಹತ್ತು ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆಯಲ್ಲ. ಅದಕ್ಕಿಂತಲೂ ಕೆಳಗಿನದು ‘ವೆರಿ ರೇರ್’. ‘ಅನ್‌ಕಾಮನ್’ ಎಂದರೆ ನೂರರಿಂದ ಸಾವಿರದಲ್ಲಿ ಒಬ್ಬರಿಗೆ. ‘ಕಾಮನ್’ ಎಂದು ಓದಿ ಎಲ್ಲರಿಗೂ ಆಗುತ್ತದೆ ಎಂದು ಹೆದರುವವರಿದ್ದಾರೆ; ಅದು ಹತ್ತರಿಂದ ನೂರು ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಇನ್ನು ‘ರೇರ್’ ಎಂದು ಓದಿ ಯಾರಿಗೂ ಆಗುವುದಿಲ್ಲ ಎಂದುಕೊಳ್ಳುವುದೂ ಸಲ್ಲ. ಒಂದು ಕೋಟಿ ಜನ ತೆಗೆದುಕೊಳ್ಳುವ ಮಾತ್ರೆಯಲ್ಲಿ ರೇರ್ ಪರಿಣಾಮ ಸಾವಿರದಿಂದ ಹತ್ತು ಸಾವಿರ ಜನರನ್ನು ಮುಟ್ಟುತ್ತದೆ.

ಹಳೆಯ ನಾಣ್ಯ ಸಂಗ್ರಹಿಸುವವರ ಅಳತೆ ಇನ್ನೂ ಬಿಗಿ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ಸೆಂಟ್ ನಾಣ್ಯಗಳಿಗಾಗಿ ಎಂಟು ಮೆಟ್ಟಿಲಿನ ಅಪರೂಪದ ಮಾಪನ ಕೊಟ್ಟರು. ಮೊದಲ ಮೆಟ್ಟಿಲಿನಲ್ಲಿ 1,250ಕ್ಕೂ ಹೆಚ್ಚು ನಾಣ್ಯ ಉಳಿದಿರಬೇಕು, ಎಂಟನೆಯದರಲ್ಲಿ ಮೂರಕ್ಕಿಂತ ಹೆಚ್ಚು ಇರಬಾರದು.

ಮಕ್ಕಳ ಆಟದ ಕಾರ್ಡುಗಳಲ್ಲಿ, ಮೊಬೈಲ್ ಗೇಮುಗಳಲ್ಲಿ ‘ರೇರ್’ ಎಂಬುದು ಕಾಮನ್, ಅನ್‌ಕಾಮನ್ ಆದ ಮೇಲಿನ ಮೂರನೆಯ ಮೆಟ್ಟಿಲು. ಅದರ ಮೇಲೆ ಎಪಿಕ್, ಲೆಜೆಂಡರಿ, ಮಿಥಿಕ್ ಇತ್ಯಾದಿ. ಮಕ್ಕಳಿಗೆ ‘ರೇರ್’ ಸಿಕ್ಕಿದರೆ ಸಪ್ಪೆ ಮುಖ ಮಾಡುವುದು ಇದರಿಂದಲೇ.

ರೇರ್ ಕಾಯಿಲೆ ಎಂದರೆ ಎಷ್ಟು ಜನರಿಗಿರಬೇಕು? ಅಮೆರಿಕದಲ್ಲಿ ಇಡೀ ದೇಶದಲ್ಲಿ 2 ಲಕ್ಷಕ್ಕಿಂತ ಕಡಿಮೆ. ಯುರೋಪ್ ಒಕ್ಕೂಟದಲ್ಲಿ 10,000 ಜನರಲ್ಲಿ ಐವರನ್ನು ಮೀರಬಾರದು. ಜಪಾನಿನಲ್ಲಿ 50,000ಕ್ಕಿಂತ ಕಡಿಮೆ. ಭಾರತದ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಸಂಖ್ಯೆಯನ್ನೇ ಇಟ್ಟುಕೊಂಡಿಲ್ಲ, ಏಕೆಂದರೆ ಎಷ್ಟು ಜನರಿಗೆ ಯಾವುದಿದೆ ಎಂಬ ಲೆಕ್ಕವೇ ನಮ್ಮಲ್ಲಿ ಸಾಲದು. ಒಂದೇ ಕಾಯಿಲೆ ಗಡಿ ದಾಟಿದರೆ ರೇರ್ ಆಗಬಹುದು, ಆಗದಿರಬಹುದು. ಇದು ಬರೀ ಪದದ ವಿಚಾರವಲ್ಲ. ಔಷಧ ಕಂಪನಿಗೆ ಸಿಗುವ ರಿಯಾಯಿತಿ, ರೋಗಿಗೆ ಸಿಗುವ ನೆರವು ಈ ಒಂದು ವಿಶೇಷಣದ ಮೇಲೆ ನಿಂತಿರುತ್ತದೆ.

ಅಪರೂಪದ ಕಾಯಿಲೆಗಳ ದಿನ ಫೆಬ್ರವರಿಯ ಕೊನೆಯ ದಿನ. ಮೊದಲ ಆಚರಣೆ 2008ರ ಫೆಬ್ರವರಿ 29, ಕ್ಯಾಲೆಂಡರಿನ ಅತಿ ಅಪರೂಪದ ದಿನ!

ವೈದ್ಯರ ಇಂಗ್ಲಿಷಿನಲ್ಲಿ ಅಪರೂಪದ ಕಾಯಿಲೆಗೆ ‘ಝೀಬ್ರಾ’ ಎಂಬ ಅಡ್ಡಹೆಸರು. ಗೊರಸಿನ ಸದ್ದು ಕೇಳಿದರೆ ಮೊದಲು ಕುದುರೆಯನ್ನು ನೆನೆಯಿರಿ, ಝೀಬ್ರಾವನ್ನಲ್ಲ ಎಂಬ ಬುದ್ಧಿಮಾತಿನಿಂದ ಬಂದದ್ದು ಅದು. ಹೇಳಿದವರು ಮೇರಿಲ್ಯಾಂಡಿನ ವೈದ್ಯ ಥಿಯೊಡೋರ್ ವುಡ್‌ವರ್ಡ್ ಎಂದು ಪ್ರತೀತಿ. ಆದರೆ ಝೀಬ್ರಾ ಎಲ್ಲೆಡೆ ಅಪರೂಪವಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದ ಕೀಲುಮೂಳೆಯ ಆನುವಂಶಿಕ ಕಾಯಿಲೆ ಪ್ರಪಂಚದ ವೈದ್ಯಗ್ರಂಥಗಳಿಗೆ ಅತ್ಯಪರೂಪ. ಸೊಂಟ, ಮಂಡಿ ಹಿಡಿದು ನಡೆಯಲಾರದೆ ಹೋದ ಮಲೆನಾಡಿನ ಆ ಕುಟುಂಬಗಳಿಗೆ ಅದು ಅಜ್ಜನಿಂದ ಮೊಮ್ಮಗನವರೆಗೆ ಕಂಡದ್ದೇ. ಅವರ ಅಂಗಳದಲ್ಲಿ ನಿಂತು ‘ರೇರ್’ ಎಂದು ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ.

‘ರೇರ್ ಅರ್ತ್’ ಲೋಹಗಳು ರೇರ್ ಅಲ್ಲ! ಒಟ್ಟು 17 ಧಾತುಗಳು. ಅವುಗಳಲ್ಲಿ ಸೀರಿಯಂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಈ ಗುಂಪಿನಲ್ಲೇ ಅತಿ ಕಡಿಮೆ ಇರುವ ಥೂಲಿಯಂ, ಲುಟೀಶಿಯಂ ಕೂಡ ಚಿನ್ನಕ್ಕಿಂತ ಸುಮಾರು 200 ಪಟ್ಟು ಹೆಚ್ಚು. ವಿಕಿರಣದಿಂದ ಬೇಗ ಕರಗಿಹೋಗುವ ಪ್ರೊಮೀಥಿಯಂ ಮಾತ್ರ ಇದಕ್ಕೆ ಹೊರತು. ಮತ್ತೆ ಹೆಸರು ಹೇಗೆ ಬಂತು? 1787ರಲ್ಲಿ ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಗಣಿಯಲ್ಲಿ ಕಾರ್ಲ್ ಆಕ್ಸೆಲ್ ಅರೇನಿಯಸ್‌ಗೆ ಒಂದು ಭಾರವಾದ ಕಪ್ಪು ಕಲ್ಲು ಸಿಕ್ಕಿತು. ಅದನ್ನು 1794ರಲ್ಲಿ ವಿಶ್ಲೇಷಿಸಿದವರು ಯೋಹಾನ್ ಗಡೋಲಿನ್. ಆ ಕಾಲದ ರಸಾಯನಶಾಸ್ತ್ರಜ್ಞರು ಆಕ್ಸೈಡುಗಳನ್ನು ‘ಅರ್ತ್’ ಎನ್ನುತ್ತಿದ್ದರು. ಇಂಥವು ಬೇರೆಲ್ಲೂ ಕಾಣದ್ದರಿಂದ ರೇರ್ ಎಂದರು. ಆ ಒಂದೇ ಹಳ್ಳಿಯ ಹೆಸರಿನಿಂದ ಇಟ್ರಿಯಂ, ಟರ್ಬಿಯಂ, ಅರ್ಬಿಯಂ, ಇಟರ್ಬಿಯಂ ಎಂಬ ನಾಲ್ಕು ಧಾತುಗಳು ಹೆಸರು ಪಡೆದಿವೆ. ರೇರ್ ಅರ್ತ್ ಧಾತುಗಳು ಎಲ್ಲ ಕಡೆ ಚೂರುಚೂರು ಹರಡಿವೆ, ಒಂದೆಡೆ ಗಟ್ಟಿಯಾಗಿ ಸಿಗುವುದಿಲ್ಲ, ಒಂದರಿಂದ ಒಂದನ್ನು ಬಿಡಿಸುವುದು ಬಹಳ ಕಷ್ಟ. ಅಂದರೆ ಲ್ಯಾಟಿನ್ ‘ರಾರುಸ್’ನ ಹಳೆಯ ಅರ್ಥದಲ್ಲಿ, ತೆಳುವಾಗಿ ಹರಡಿದ್ದು ಎಂಬರ್ಥದಲ್ಲಿ, ಇವು ರೇರ್ ಹೌದು. 2025ರ ಏಪ್ರಿಲ್‌ನಲ್ಲಿ ಚೀನಾ ಇವುಗಳಲ್ಲಿ ಏಳು ಧಾತುಗಳ ರಫ್ತಿಗೆ ನಿರ್ಬಂಧ ಹಾಕಿತಲ್ಲ, ಆಗ ವಾಹನ ತಯಾರಕರಿಗೆ ಇವು ಸ್ಕೇರ್ಸ್ ಆದವು.

ಆರ್ಗಾನ್, ನಿಯಾನ್ ಮುಂತಾದವನ್ನು ಒಂದು ಕಾಲದಲ್ಲಿ ‘ರೇರ್ ಗ್ಯಾಸ್’ ಎನ್ನುತ್ತಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಆರ್ಗಾನ್ ಶೇ 0.93ರಷ್ಟಿದೆ, ಇಂಗಾಲದ ಡೈಆಕ್ಸೈಡಿನ 20 ಪಟ್ಟಿಗೂ ಹೆಚ್ಚು. ಈಗಿನ ಒಪ್ಪಿತ ಹೆಸರು ‘ನೋಬಲ್ ಗ್ಯಾಸ್’.

ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ‘ರೇರ್’ ಎಂಬ ಒಂದು ವರ್ಗವೇ ಇತ್ತು. 1994ರಲ್ಲಿ ಆ ಪಟ್ಟಿ ತಯಾರಿಸುವ ಐಯುಸಿಎನ್ ಸಂಸ್ಥೆ ಅದನ್ನು ಕೈಬಿಟ್ಟಿತು. ಕಡಿಮೆ ಇರುವುದಕ್ಕೂ ಅಪಾಯದಲ್ಲಿರುವುದಕ್ಕೂ ವ್ಯತ್ಯಾಸವಿದೆ. ಒಂದೇ ಬೆಟ್ಟದ ಮೇಲೆ ಸಾವಿರಾರು ವರ್ಷದಿಂದ ನೆಮ್ಮದಿಯಾಗಿರುವ ಗಿಡ ಅಪರೂಪದ್ದು, ಅಪಾಯದಲ್ಲಿಲ್ಲ. ಲಕ್ಷಗಟ್ಟಲೆ ಇದ್ದು ಹತ್ತು ವರ್ಷದಲ್ಲಿ ಅರ್ಧಕ್ಕಿಳಿದ ಹಕ್ಕಿ ಅಪರೂಪದ್ದಲ್ಲ, ಅಪಾಯದಲ್ಲಿದೆ. ಸಸ್ಯವಿಜ್ಞಾನಿ ಡೆಬೊರಾ ರಾಬಿನೋವಿಟ್ಜ್ 1981ರಲ್ಲಿ ಅಪರೂಪದಲ್ಲೇ ಏಳು ಬಗೆ ಇದೆ ಎಂದು ತೋರಿಸಿದ್ದರು: ಹರಡಿರುವ ಪ್ರದೇಶ ದೊಡ್ಡದೋ ಚಿಕ್ಕದೋ, ಎಲ್ಲ ನೆಲದಲ್ಲೂ ಬೆಳೆಯುತ್ತದೋ ಒಂದೇ ಬಗೆಯ ನೆಲ ಬೇಕೋ, ಇದ್ದಲ್ಲಿ ಹಿಂಡಾಗಿದೆಯೋ ಒಂಟಿಯೋ ಎಂಬ ಮೂರು ಪ್ರಶ್ನೆಗಳಿಗೆ ಎಂಟು ಬಗೆಯ ಉತ್ತರ ಸಿಗುತ್ತವೆ, ಒಂದು ಮಾತ್ರ ಸಾಮಾನ್ಯ. ಉತ್ತರ ಕನ್ನಡದ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕಿ 2000ದಲ್ಲಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಾದ ಮರ ಮೂರೂ ಲೆಕ್ಕದಲ್ಲಿ ಅಪರೂಪ. ಅದರ ಹೆಸರಿನಲ್ಲೇ ಊರು ಇದೆ. ಮುನ್ನಾರಿನ ನೀಲಕುರಿಂಜಿಯದು ಕಾಲದ ಅಪರೂಪ: ಹೂಬಿಟ್ಟದ್ದು 2006ರಲ್ಲಿ, ಆಮೇಲೆ 2018ರಲ್ಲಿ. ಬಿಟ್ಟಾಗ ಗುಡ್ಡಕ್ಕೆ ಗುಡ್ಡವೇ ನೀಲಿ.

‘ರೇರೆಸ್ಟ್ ಆಫ್ ದ ರೇರ್’ ಎಂಬ ಮಾತು ಭಾರತದ ಇಂಗ್ಲಿಷಿನ ಕೊಡುಗೆ ಎನ್ನಬಹುದು. 1980ರ ಮೇ 9ರಂದು ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 4–1 ಬಹುಮತದಿಂದ ಮರಣದಂಡನೆಯ ಸಿಂಧುತ್ವವನ್ನು ಎತ್ತಿಹಿಡಿಯಿತು, ಆದರೆ ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಭಿನ್ನಮತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರದು. ನಾಣ್ಯದವರಂತೆ, ಔಷಧದವರಂತೆ ಇಲ್ಲಿ ಅಂಕಿ ಇಲ್ಲ. ಅಪರಾಧ ಎಷ್ಟು ಘೋರ ಎಂಬುದರ ಜತೆಗೆ, ಬೇರೆ ಯಾವ ಶಿಕ್ಷೆಯ ದಾರಿಯೂ ಉಳಿದಿಲ್ಲ ಎಂಬುದು ಖಚಿತವಾಗಬೇಕು. ಒಂದು ಭಾಷೆಯ ವಿಶೇಷಣ ಒಬ್ಬ ಮನುಷ್ಯನ ಜೀವವನ್ನು ಹಿಡಿದು ನಿಲ್ಲುವುದು ಎಂದರೆ ಇದೇ. ಪತ್ರಿಕೆಗಳು ಇದನ್ನು ಹಗುರವಾಗಿ ಬಳಸುವುದನ್ನು ಕಂಡಾಗ ನನಗೆ ನೋವಾಗುತ್ತದೆ.

‘ರೇರ್’ಗೆ ಹೊಗಳಿಕೆಯ ಮುಖವೂ ಉಂಟು. ನಾಟಕಕಾರ ಬೆನ್ ಜಾನ್ಸನ್ 1637ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರನ್ನು ನಿಂತ ಭಂಗಿಯಲ್ಲೇ ಹೂಳಿದರು, ಕಲ್ಲಿನ ಮೇಲೆ ಅವರ ಹೆಸರಿನ ಹಿಂದೆ ‘ರೇರ್’ ಎಂದು ಕೆತ್ತಿದರು. ಅಸಾಮಾನ್ಯ, ಅದ್ವಿತೀಯ ಎಂಬರ್ಥದಲ್ಲಿ. ಶೇಕ್ಸ್‌ಪಿಯರ್ ಕಾಲದಲ್ಲಿ ‘ರೇರ್ಲಿ’ಗೂ ಬಹು ಸೊಗಸಾಗಿ ಎಂಬರ್ಥ ಇತ್ತು, ಈಗ ಅಳಿದಿದೆ. ಕ್ರೀಡಾ ಪುಟಗಳ ‘ರೇರ್ ಫೀಟ್’ ಈ ಹೊಗಳಿಕೆಯ ಮರಿ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತದ್ದು ನಿಜವಾದ ರೇರ್ ಫೀಟ್. 1877ರಲ್ಲಿ ಶುರುವಾದ ಟೆಸ್ಟ್ ಕ್ರಿಕೆಟ್ಟಿನಲ್ಲಿ ಅದನ್ನು ಸಾಧಿಸಿದವರು ಮೂವರೇ: 1956ರಲ್ಲಿ ಜಿಮ್ ಲೇಕರ್, ಕುಂಬ್ಳೆ, 2021ರಲ್ಲಿ ಎಜಾಜ್ ಪಟೇಲ್.

ರಕ್ತದಲ್ಲೂ ಅಪರೂಪದ್ದುಂಟು. ಬಾಂಬೆ ಬ್ಲಡ್ ಗ್ರೂಪ್ ಎಂಬ ಹೆಸರು ಕೇಳಿದ್ದೀರಿ. ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಬೊಂಬಾಯಿಯಲ್ಲಿ ಇದನ್ನು ವರದಿ ಮಾಡಿದರು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇದೆ ಎಂಬುದು ಸಾಮಾನ್ಯ ಅಂದಾಜು, ಯುರೋಪಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ವಿರಳ. ಆರ್‌ಎಚ್ ನಲ್ ಎಂಬ ಗುಂಪು 1961ರಲ್ಲಿ ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯೊಬ್ಬರಲ್ಲಿ. ಅದಕ್ಕೆ ‘ಚಿನ್ನದ ರಕ್ತ’ ಎಂದೇ ಹೆಸರು.

ಇವೆರಡಕ್ಕೂ ‘ರೇರ್’ ಸಾಕಾಗುತ್ತದೆ. ಆದರೆ ಕೋಲಾರದ ಒಬ್ಬ ಮಹಿಳೆಯ ವಿಷಯದಲ್ಲಿ ಇಂಗ್ಲಿಷ್ ಪತ್ರಿಕೆಗಳು ಆ ಪದವನ್ನು ದಾಟಿ ‘ಯುನೀಕ್’ ಎನ್ನಬೇಕಾಯಿತು. ಹೃದಯದ ಶಸ್ತ್ರಚಿಕಿತ್ಸೆಗೆಂದು ರಕ್ತ ಹೊಂದಿಸಲು ಹೋದರೆ ಯಾರದೂ ಹೊಂದಲಿಲ್ಲ. ಕುಟುಂಬದವರದನ್ನೂ ಪರೀಕ್ಷಿಸಿದರು, ಅದೂ ಹೊಂದಲಿಲ್ಲ. ಬೆಂಗಳೂರಿನ ರಕ್ತಕೇಂದ್ರದವರು ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಕಳಿಸಿದರು. ತಿಂಗಳುಗಟ್ಟಲೆ ನಡೆದ ಪರೀಕ್ಷೆಯ ಬಳಿಕ ತಿಳಿದದ್ದು, ಅದು ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ, ಅದುವರೆಗೆ ಜಗತ್ತಿನಲ್ಲಿ ಯಾರಲ್ಲೂ ದಾಖಲಾಗದ ಪ್ರತಿಜನಕದ ಪ್ರಕರಣ ಎಂದು. ವೈದ್ಯರು ಬೇರೆಯವರ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಅದರ ಹೆಸರು ಪ್ರಕಟವಾಯಿತು: ‘ಕ್ರಿಬ್’. ಅದರಲ್ಲಿ ಕ್ರೋಮರ್‌ನ ಎರಡು ಅಕ್ಷರಗಳಿವೆ, ಇಂಡಿಯಾದ ಒಂದು, ಬೆಂಗಳೂರಿನ ಒಂದು.